ಸೂರ್ಯೋದಯಕ್ಕೆ ರಸೀದಿ ಉಂಟೇ?

ಬರುವ ಜೂನ್ ರಜೆಯಲ್ಲಿ ಸದಸ್ಯ ಕುಟುಂಬಗಳನ್ನು ಪೂರ್ವ ಜಾವಾದ ಬ್ರೋಮೋ ಅಗ್ನಿಪರ್ವತಕ್ಕೆ ಕರೆದೊಯ್ಯುವ ವಿಚಾರ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದಿದೆ. ಹೋಗಲೇಬೇಕೆನ್ನುವವರು ಅನೇಕರು. “ಹೋದ ವರ್ಷ ಹೋದವರು ಕಂಡದ್ದೇನು, ಮಂಜು ತಾನೆ?” ಎಂದು ಮೂಗು ಮುರಿಯುವವರೂ ಇದ್ದಾರೆ. ಹೋದ ವರ್ಷ ಹೋಗಿ ಮಂಜು ಕಂಡು ಬಂದವರಲ್ಲಿ ನಾವೂ ಸೇರಿದ್ದೆವು. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವುದು ನಮ್ಮ ಹೊಣೆಯೆಂದು ಭಾವಿಸಿ ಸಂಪಾದಕರಿಂದ ಈ ಪುಟಗಳನ್ನು ಕೇಳಿ ಪಡೆದಿದ್ದೇವೆ. ಇದು ಪ್ರವಾಸ ಕಥನವಲ್ಲ, ಒಂದು ಅಭಿಪ್ರಾಯ. ಅದರೊಳಗೆ ಒಂದಿಷ್ಟು ತಪ್ಪೊಪ್ಪಿಗೆಯೂ ಸೇರಿದೆ.

ಹೋಗದವರಿಗಾಗಿ ಮೊದಲು ಜಾಗದ ಪರಿಚಯ. ಸಿಂಗಪುರದಿಂದ ಸುರಬಾಯಾಕ್ಕೆ ವಿಮಾನದಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು. ಅಲ್ಲಿಂದ ರಸ್ತೆಯಲ್ಲಿ ಮೂರು ನಾಲ್ಕು ಗಂಟೆ ಪ್ರಯಾಣ ಮಾಡಿ ಬೆಟ್ಟ ಏರಿದರೆ ಚೆಮೊರೊ ಲಾವಾಂಗ್ ಎಂಬ ಹಳ್ಳಿ. ಈ ಹಳ್ಳಿ ಕೂತಿರುವುದೇ ಒಂದು ಮಹಾ ಬಾಣಲೆಯ ಅಂಚಿನ ಮೇಲೆ. ಬಹು ಹಿಂದೆ ಇಲ್ಲಿದ್ದ ತೆಂಗೆರ್ ಎಂಬ ದೊಡ್ಡ ಅಗ್ನಿಪರ್ವತ ತನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿ, ಆಧಾರ ತಪ್ಪಿ, ಒಳಕ್ಕೆ ಕುಸಿದು ಈ ಬಾಣಲೆಯಾಯಿತು. ಅಡ್ಡಗಲ ಸುಮಾರು ೧೦ ಕಿಲೋಮೀಟರು. ತಳದಲ್ಲಿ ಹಾಸಿರುವುದು ಬೂದು ಬಣ್ಣದ ಮರಳು. ಅಲ್ಲಿನವರು ಅದನ್ನು ಮರಳಿನ ಸಮುದ್ರವೆಂದೇ ಕರೆಯುತ್ತಾರೆ. ಆ ಸಮುದ್ರದ ನಡುವೆ ಆಮೇಲೆ ಹುಟ್ಟಿದ ಮರಿಬೆಟ್ಟಗಳು. ಅವುಗಳಲ್ಲಿ ಇಂದಿಗೂ ಹೊಗೆಯಾಡುತ್ತಿರುವುದು ೨,೩೨೯ ಮೀಟರ್ ಎತ್ತರದ ಬ್ರೋಮೋ. ಅದರ ಪಕ್ಕದಲ್ಲೇ, ಯಾರೋ ಬಾಚಣಿಗೆಯಲ್ಲಿ ಗೀರಿದಂತೆ ಕಾಣುವ ಬಾತೊಕ್. ಬಾಣಲೆಯ ಆಚೆ, ದಕ್ಷಿಣಕ್ಕೆ, ಜಾವಾ ದ್ವೀಪದಲ್ಲೇ ಅತಿ ಎತ್ತರದ ಸೆಮೆರು, ೩,೬೭೬ ಮೀಟರ್. ಬ್ರೋಮೋ ಎಂದರೆ ನಮ್ಮ ಬ್ರಹ್ಮನೇ. ಸೆಮೆರು ಎಂದರೆ ಮೇರು. ೧೯೮೨ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು.

ಬಾಣಲೆಯ ವಾಯುವ್ಯದ ಅಂಚಿನಲ್ಲಿ ಪೆನಾಂಜಾಕನ್ ಎಂಬ ಶಿಖರವಿದೆ. ಎತ್ತರ ಸುಮಾರು ೨,೭೭೦ ಮೀಟರ್. ಸೂರ್ಯೋದಯ ನೋಡಲು ಜನ ನುಗ್ಗುವುದು ಅಲ್ಲಿಗೆ. ನಸುಕಿನ ಮೂರು ಗಂಟೆಗೆ ಜೀಪು ಹೊರಡುತ್ತದೆ. ಮೊದಲು ಬಾಣಲೆಯೊಳಕ್ಕೆ ಕಡಿದಾದ ಇಳಿಜಾರು, ಆಮೇಲೆ ಗುರುತೇ ಕಾಣದ ಕತ್ತಲಲ್ಲಿ ಮರಳು, ಆಮೇಲೆ ಆಚೆ ದಂಡೆಗೆ ಸುತ್ತುಸುತ್ತಾದ ಏರು. ಸಾಧಾರಣ ಕಾರಿನ ಚಕ್ರ ಆ ಮರಳಿನಲ್ಲಿ ಹೂತುಹೋಗುತ್ತದೆ. ನಾಲ್ಕೂ ಚಕ್ರಗಳಿಗೆ ಎಂಜಿನಿನ ಬಲ ಸಿಗುವ ಗಾಡಿಯೇ ಬೇಕು. ಅಲ್ಲಿ ಓಡುವ ಜೀಪುಗಳಲ್ಲಿ ಬಹಳಷ್ಟು ಹಳೆಯ ಟೊಯೊಟಾ ಲ್ಯಾಂಡ್ ಕ್ರೂಸರುಗಳು. ಅಲ್ಲಿನವರ ಬಾಯಲ್ಲಿ ‘ಹಾರ್ಡ್‌ಟಾಪ್’. ಕಾರ್ಖಾನೆ ಮರೆತು ಎಷ್ಟೋ ದಶಕವಾದ ಈ ಗಾಡಿಗಳನ್ನು ಕೆಂಪು, ಹಳದಿ, ಹಸಿರು ಬಣ್ಣ ಬಳಿದು, ಬಿಡಿಭಾಗ ಹುಡುಕಿ ಹಾಕಿ, ಮನೆಯ ಹಸುವಿನಂತೆ ಸಾಕಿಕೊಂಡಿದ್ದಾರೆ. ದಾರಿಯೆಂಬುದು ಚಾಲಕನ ತಲೆಯೊಳಗಿದೆಯೇ ಹೊರತು ನೆಲದ ಮೇಲಿಲ್ಲ.

ಹೋದ ಜೂನಿನಲ್ಲಿ ನಾಲ್ಕು ಕುಟುಂಬ, ಹದಿನಾಲ್ಕು ಜನ, ಮೂರು ಜೀಪು. ಸಿಂಗಪುರದಲ್ಲಿ ವರ್ಷವಿಡೀ ಬೆವರುವ ನಾವು ಅಂದು ಊರಿನಿಂದ ತರಿಸಿದ ಮಂಕಿ ಟೋಪಿ ಹಾಕಿ, ಒಂದರ ಮೇಲೊಂದು ಎರಡು ಸ್ವೆಟರ್ ತೊಟ್ಟು, ಚಟ್ನಿಪುಡಿ ಸವರಿದ ಚಪಾತಿ ಸುರುಳಿಗಳನ್ನು ಚೀಲಕ್ಕೆ ತುಂಬಿ ಹೊರಟೆವು. ಶಿಖರಕ್ಕೆ ಇನ್ನೂ ಒಂದು ಮೈಲಿಯಿರುವಾಗ ಜೀಪು ನಿಂತಿತು. ಮುಂದೆ ಜೀಪು, ಹಿಂದೆ ಜೀಪು, ರಸ್ತೆಯ ಎರಡೂ ಬದಿಗೆ ಜೀಪು. ಇಲ್ಲಿಂದ ನಡೆಯಬೇಕು, ಇಲ್ಲವೆ ಬಾಡಿಗೆ ಮೋಟಾರ್ ಸೈಕಲ್ಲಿನ ಹಿಂದೆ ಕೂರಬೇಕು ಎಂದು ಚಾಲಕ ಸನ್ನೆ ಮಾಡಿದ. ನಮ್ಮ ಜೀಪಿನಲ್ಲಿ ಸದಸ್ಯರೊಬ್ಬರ ತಾಯಿಯವರಿದ್ದರು, ಎಪ್ಪತ್ತು ದಾಟಿದವರು. “ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ” ಎಂದರು. ನಾವು ಹೋದೆವು. ಹೋದೆವೆನ್ನುವುದಕ್ಕಿಂತ ಓಡಿದೆವೆನ್ನುವುದೇ ಸರಿ.

ಮೇಲೆ ನೂರಾರು ಜನ. ಎದುರಿಗೆ ಬೆನ್ನುಗಳು, ಬೆನ್ನುಗಳ ಮೇಲೆ ಎತ್ತಿದ ಕೈಗಳು, ಕೈಗಳಲ್ಲಿ ಮೊಬೈಲುಗಳು. ಪೂರ್ವದಲ್ಲಿ ಒಂದು ಕೆಂಪು ಗೆರೆ ಮೂಡಿತು. “ಬಂತು, ಬಂತು” ಎನ್ನುವಷ್ಟರಲ್ಲಿ ಕೆಳಗಿನಿಂದ ಮಂಜು ಎದ್ದು ಬಂದು ಎಲ್ಲವನ್ನೂ ಒರೆಸಿಹಾಕಿತು. ಐದೂವರೆಗೆ ಬೆಳಕಾಯಿತು. ಸೂರ್ಯ ಹುಟ್ಟಿದ್ದು ಖಂಡಿತ, ಕಂಡದ್ದು ಇಲ್ಲ. ಹತ್ತಾರು ಭಾಷೆಗಳಲ್ಲಿ ‘ಛೇ’ ಕೇಳಿಸಿತು. ಕನ್ನಡದ್ದು ಸ್ವಲ್ಪ ಗಟ್ಟಿಯಾಗಿಯೇ ಇತ್ತು.

ಇಳಿದು ಬಂದಾಗ ತಾಯಿಯವರು ಜೀಪಿನ ಮುಂದಿನ ಸೀಟಿನಲ್ಲಿ ಬೆಚ್ಚಗೆ ಕೂತಿದ್ದರು. ಚಾಲಕ ತಾನು ಹೊದ್ದಿದ್ದ ಸರೋಂಗನ್ನು ಅವರ ಹೆಗಲಿಗೆ ಹೊದಿಸಿ, ರಸ್ತೆ ಬದಿಯ ಅಂಗಡಿಯಿಂದ ಬಿಸಿ ಶುಂಠಿ ಕಷಾಯ ತಂದುಕೊಟ್ಟಿದ್ದ. ಅವನು ಅವರನ್ನು ‘ಇಬು’ ಎನ್ನುತ್ತಿದ್ದ. ಇಂಡೊನೇಷ್ಯಾದ ಮಾತಿನಲ್ಲಿ ತಾಯಿ ಎಂದರ್ಥ. ಇವರು ಅವನನ್ನು ‘ಅಪ್ಪಾ’ ಎನ್ನುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಎರಡು ಗಂಟೆ ಕಾಲ ಅವರು ಏನು ಮಾತಾಡಿಕೊಂಡರೋ ಭಗವಂತನೇ ಬಲ್ಲ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಆಲೂಗಡ್ಡೆಯ ಹೊಲವೊಂದುಂಟು ಎಂಬ ವರದಿಯಂತೂ ನಮಗೆ ದೊರೆಯಿತು.

ಬೆಟ್ಟ ಇಳಿಯುವಾಗ ಒಂದು ತಿರುವಿನಲ್ಲಿ, ನಾವು ಕೇಳದಿದ್ದರೂ, ಅವನು ಜೀಪು ನಿಲ್ಲಿಸಿದ. ಮಂಜು ಸೀಳಿತ್ತು. ಕೆಳಗೆ ಬಾಣಲೆಯ ತುಂಬ ಹಾಲು ತುಂಬಿದಂತೆ ಮಂಜು, ಅದರ ಮೇಲೆ ತೇಲುವಂತೆ ಬಾತೊಕ್, ಪಕ್ಕದಲ್ಲಿ ಬ್ರೋಮೋದ ಬಾಯಿಂದ ಬಿಳಿ ಹೊಗೆ. ಹಿಂದಿನ ಸೀಟಿನಲ್ಲಿ ಮೂವರು ನಿದ್ದೆ ಹೋಗಿದ್ದರು. ಎಚ್ಚರವಿದ್ದ ನಾವು, “ಹೋಗಲಿ, ಹೊತ್ತಾಯಿತು” ಎಂದೆವು. ಸೂರ್ಯ ಸಿಗಲಿಲ್ಲವೆಂಬ ಮುನಿಸು ಇನ್ನೂ ಇಳಿದಿರಲಿಲ್ಲ.

ಈಗ ತಪ್ಪೊಪ್ಪಿಗೆ. ಮೂವರು ಚಾಲಕರಿಗೂ ಕೊಡಲೆಂದು ಎಲ್ಲರಿಂದ ಸ್ವಲ್ಪ ಸ್ವಲ್ಪ ಹಣ ಕೂಡಿಸಿ ಮೂರು ಲಕೋಟೆಗಳಲ್ಲಿ ಹಾಕಿಟ್ಟಿದ್ದೆವು. ಅವು ನಮ್ಮ ಜೇಬಿನಲ್ಲಿದ್ದವು. ಜೀಪಿನಿಂದಿಳಿಯುವಾಗ ಯಾರೋ, “ಸೂರ್ಯನನ್ನೇ ತೋರಿಸಲಿಲ್ಲ, ಇನ್ನು ಟಿಪ್ಸ್ ಬೇರೆ ಕೇಡು!” ಎಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಲಕೋಟೆಗಳು ಜೇಬಿನಲ್ಲೇ ಉಳಿದವು. ನಮ್ಮ ಚಾಲಕ ಬಾಗಿಲು ತೆರೆದು, ತಾಯಿಯವರ ಕೈ ಹಿಡಿದು ಇಳಿಸಿ, ಎಲ್ಲರಿಗೂ ತಲೆಬಾಗಿ ಹೊರಟ. ಸುರಬಾಯಾದ ವಿಮಾನ ನಿಲ್ದಾಣದಲ್ಲಿ ನಮ್ಮಲ್ಲೊಬ್ಬರು ಮೊಬೈಲಿನಲ್ಲಿ ಆ ಪ್ರವಾಸಕ್ಕೆ ಐದರಲ್ಲಿ ಒಂದು ನಕ್ಷತ್ರ ಕೊಟ್ಟರು. ಸೂರ್ಯನನ್ನು ಕಾಣಲು ಹೋಗಿ ಒಂದು ನಕ್ಷತ್ರ ಕೊಟ್ಟು ಬಂದೆವು.

ವಿಮಾನದಲ್ಲಿ ತಾಯಿಯವರು ಕೇಳಿದರು: “ಆ ಹುಡುಗನಿಗೆ ಏನಾದ್ರೂ ಕೊಟ್ರೇನಪ್ಪ?” ನಾವು, “ಹೂಂ, ಕೊಟ್ಟೆವಮ್ಮ” ಎಂದೆವು.

ಅವರು ಈ ಪತ್ರಿಕೆಯ ನಿಯತ ಓದುಗರು. ಮಗನ ಹೆಸರಿಗೆ ಬಂದ ಸಂಚಿಕೆಯನ್ನು ಮೊದಲು ಬಿಡಿಸುವವರು ಅವರೇ. ಆದ್ದರಿಂದ ಇಲ್ಲಿ, ಎಲ್ಲರೆದುರಿಗೆ, ಕೊಡಲಿಲ್ಲವಮ್ಮ ಎಂದು ಹೇಳಿಬಿಡುತ್ತೇವೆ.

ಸದಸ್ಯ ಬಾಂಧವರು ಯೋಚಿಸಬೇಕಾದ ಪ್ರಶ್ನೆ ಇದು: ಇಂಥ ಪ್ರವಾಸದಲ್ಲಿ ನಾವು ಹಣ ಕೊಟ್ಟು ಕೊಳ್ಳುವುದೇನು? ಒಂದು ಗಾಡಿ, ಅದರ ಪೆಟ್ರೋಲು, ಕತ್ತಲಲ್ಲಿ ದಾರಿ ಬಲ್ಲ ಒಬ್ಬ ಮನುಷ್ಯನ ಕಣ್ಣು, ಅವನ ಅರ್ಧ ರಾತ್ರಿಯ ನಿದ್ದೆ. ಇಷ್ಟೇ. ಸೂರ್ಯ ಆ ಪಟ್ಟಿಯಲ್ಲಿಲ್ಲ. ಜಾಹೀರಾತಿನಲ್ಲಿ ‘ಸೂರ್ಯೋದಯ ಪ್ರವಾಸ’ ಎಂದು ಬರೆದಿರುವುದರಿಂದ ಸೂರ್ಯೋದಯಕ್ಕೂ ರಸೀದಿ ಸಿಕ್ಕಿತೆಂದು ನಾವು ತಿಳಿದುಕೊಂಡೆವು. ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ಹೋಗಿ ಬರೀ ಮೋಡ ಕಂಡು ಹಿಂತಿರುಗಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಅದಕ್ಕಾಗಿ ಬಸ್ಸಿನ ಕಂಡಕ್ಟರನ್ನು ಯಾರಾದರೂ ಬೈದದ್ದುಂಟೇ? ಅಲ್ಲಿ ಮೋಡ ದೇವರ ಇಚ್ಛೆ. ಇಲ್ಲಿ ಮಾತ್ರ ಚಾಲಕನ ತಪ್ಪು. ಡಾಲರು ಎಣಿಸಿ ಎಣಿಸಿ ನಮ್ಮ ಲೆಕ್ಕ ಹೀಗಾಯಿತೋ ಏನೋ.

ಇನ್ನೊಂದು ಮಾತು. ಪೆನಾಂಜಾಕನ್ನಿನಲ್ಲಿ ನಿಂತವರಿಗೆ ಸೂರ್ಯ ಹುಟ್ಟುವುದು ಎಡಕ್ಕೆ. ಬ್ರೋಮೋ, ಬಾತೊಕ್, ಸೆಮೆರು ಇರುವುದು ಬಲಕ್ಕೆ, ದಕ್ಷಿಣದ ಕಡೆ. ಅಗ್ನಿಪರ್ವತದ ಬಾಯಿಂದ ಸೂರ್ಯ ಎದ್ದು ಬರುತ್ತಾನೆಂದು ಮನಸ್ಸಿನಲ್ಲಿ ಚಿತ್ರ ಬರೆದುಕೊಂಡು ಹೋದವರಿಗೆ ನಿರಾಶೆ ತಪ್ಪಿದ್ದಲ್ಲ. ಅಲ್ಲಿನ ಸೊಗಸು ಸೂರ್ಯನದಲ್ಲ. ಓರೆ ಬಿಸಿಲು ಬೆಟ್ಟಗಳ ಮೈಮೇಲೆ ಬಿದ್ದು, ಒಂದೊಂದೇ ಕೊರಕಲು ಎದ್ದು ಕಾಣುವ ಆ ಅರ್ಧ ಗಂಟೆಯದು. ಬರೀ ಸೂರ್ಯನನ್ನೇ ನೋಡುವುದಾದರೆ ನಮ್ಮ ಈಸ್ಟ್ ಕೋಸ್ಟ್ ಪಾರ್ಕಿನ ಕಲ್ಲುಬೆಂಚೇ ಸಾಕು. ಮಂಕಿ ಟೋಪಿಯ ಖರ್ಚೂ ಉಳಿಯುತ್ತದೆ.

ನಮ್ಮನ್ನು ಕರೆದೊಯ್ದವರು ಯಾರೆಂಬುದನ್ನೂ ಸ್ವಲ್ಪ ತಿಳಿಯಬೇಕು. ಆ ಬೆಟ್ಟಗಳ ಮೂಲನಿವಾಸಿಗಳು ತೆಂಗೆರ್ ಜನ. ಜಾವಾದ ಬಹುಪಾಲು ಇಸ್ಲಾಂ ಧರ್ಮಕ್ಕೆ ಸೇರಿದ ಮೇಲೂ ಹಿಂದೂಗಳಾಗಿಯೇ ಉಳಿದವರು. ಮಜಪಹಿತ್ ಸಾಮ್ರಾಜ್ಯದ ಕಾಲದ ಜನರ ಪೀಳಿಗೆ ತಾವೆಂದು ಹೇಳಿಕೊಳ್ಳುತ್ತಾರೆ. ಮಕ್ಕಳಿಲ್ಲದ ರೊರೊ ಆಂತೆಂಗ್ ಮತ್ತು ಜೊಕೊ ಸೆಗೆರ್ ಎಂಬ ದಂಪತಿಗಳು ಬೆಟ್ಟಕ್ಕೆ ಹರಕೆ ಹೊತ್ತು ಇಪ್ಪತ್ತೈದು ಮಕ್ಕಳನ್ನು ಪಡೆದರಂತೆ. ಕೊನೆಯ ಮಗುವನ್ನು ಒಪ್ಪಿಸುತ್ತೇವೆಂಬ ಮಾತು ಮರೆತಾಗ ಬೆಟ್ಟ ಬೆಂಕಿಯುಗುಳಿ ಕುಸುಮ ಎಂಬ ಆ ಕಿರಿಯ ಮಗನನ್ನು ಎಳೆದುಕೊಂಡಿತಂತೆ. ಅವನ ನೆನಪಿಗೆ ಇಂದಿಗೂ ಪ್ರತಿವರ್ಷ ಕಸದ ಎಂಬ ಮಾಸದ ಹುಣ್ಣಿಮೆಯ ಹೊತ್ತಿಗೆ ಜನ ಮರಳಿನ ಮೇಲಿರುವ ಪೋತೆನ್ ದೇವಾಲಯದಲ್ಲಿ ಪೂಜೆ ಮಾಡಿ, ಮೇಲೇರಿ, ತಾವು ಬೆಳೆದ ಆಲೂಗಡ್ಡೆ, ಎಲೆಕೋಸು, ಸಾಕಿದ ಕೋಳಿ, ಮೇಕೆಗಳನ್ನು ಬ್ರೋಮೋದ ಬಾಯಿಗೆ ಎಸೆಯುತ್ತಾರೆ. ಒಳದಂಡೆಯ ಇಳಿಜಾರಿನಲ್ಲಿ ಬಲೆ ಹಿಡಿದು ನಿಂತ ಬಡವರು ಅವನ್ನು ಹಿಡಿದುಕೊಳ್ಳುತ್ತಾರೆ. ಬೆಟ್ಟಕ್ಕೆ ಸಲ್ಲಬೇಕಾದದ್ದು ಬೆಟ್ಟಕ್ಕೆ ಸಂದಿತು, ಮನುಷ್ಯನಿಗೆ ಸಿಗಬೇಕಾದದ್ದು ಮನುಷ್ಯನಿಗೂ ಸಿಕ್ಕಿತು.

ಆ ದೇವಾಲಯ ಕಂಡಾಗ ನಮ್ಮ ಜೀಪಿನಲ್ಲಿ ಒಂದು ಉದ್ಗಾರ ಎದ್ದಿತು: “ಅಯ್ಯೋ, ಇವರು ನಮ್ಮವರೇ!” ಬ್ರಹ್ಮನ ಹೆಸರಿನ ಬೆಟ್ಟ, ಮೇರುವಿನ ಹೆಸರಿನ ಬೆಟ್ಟ, ಎದೆಯುಬ್ಬುವುದು ಸಹಜ. ಆದರೆ ಒಂದು ಗಂಟೆಯ ಬಳಿಕ ಲಕೋಟೆಯ ಪ್ರಶ್ನೆ ಬಂದಾಗ ಆ ‘ನಮ್ಮವ’ ಬಾಡಿಗೆಯ ಡ್ರೈವರನಾಗಿದ್ದ. ಹೆಸರಿನಲ್ಲಿ ನೆಂಟಸ್ತಿಕೆ ಹುಡುಕುವುದು ಸುಲಭ, ಅದಕ್ಕೆ ಕೈಯಿಂದ ಏನೂ ಬೀಳುವುದಿಲ್ಲ.

ಅಲ್ಲಿಯದೇ ಇನ್ನೊಂದು ಕಥೆಯೂ ಇದೆ. ರೊರೊ ಆಂತೆಂಗಳನ್ನು ಮದುವೆಯಾಗಬಯಸಿದ ಒಬ್ಬ ಬಲಿಷ್ಠ ರಾಕ್ಷಸನಿಗೆ ಅವಳು ಹಾಕಿದ ಷರತ್ತು: ಒಂದೇ ರಾತ್ರಿಯಲ್ಲಿ ಬೆಟ್ಟದ ಮೇಲೊಂದು ಸಮುದ್ರ ತೋಡಬೇಕು. ಅವನು ತೆಂಗಿನ ಕರಟ ಹಿಡಿದು ತೋಡತೊಡಗಿದ. ಕೆಲಸ ಮುಗಿಯುತ್ತ ಬಂದಾಗ ಹೆದರಿದ ಅವಳು ಒನಕೆ ಎತ್ತಿ ಭತ್ತ ಕುಟ್ಟಿದಳು. ಆ ಸದ್ದಿಗೆ ಬೆಳಗಾಯಿತೆಂದು ತಿಳಿದು ಕೋಳಿಗಳು ಕೂಗಿದವು. ಸೋತೆನೆಂದುಕೊಂಡ ರಾಕ್ಷಸ ಕರಟ ಎಸೆದು ಹೋದ. ಅದೇ ಕವುಚಿ ಬಾತೊಕ್ ಬೆಟ್ಟವಾಯಿತಂತೆ. ಬಾತೊಕ್ ಎಂದರೆ ಕರಟ. ತೋಡಿದ ಜಾಗ ನೀರಿಲ್ಲದ ಮರಳಿನ ಸಮುದ್ರವಾಯಿತು. ಬೆಳಗಾಗುವ ಮೊದಲೇ ಬೆಳಗಾಯಿತೆಂದು ಗದ್ದಲವೆಬ್ಬಿಸಿ, ಕೈಗೆ ಬಂದ ಕೆಲಸವನ್ನು ಎಸೆದು ಹೋಗುವುದು ಆ ಬೆಟ್ಟಕ್ಕೆ ಹೊಸದಲ್ಲ. ಮಂಜು ಸೀಳಿದಾಗ “ಹೊತ್ತಾಯಿತು” ಎಂದ ನಾವು ಆ ರಾಕ್ಷಸನಿಗಿಂತ ಜಾಣರೆಂದು ಹೇಳಿಕೊಳ್ಳುವಂತಿಲ್ಲ.

ಈ ಪ್ರವಾಸವೇ ಬೇಡವೆನ್ನುವವರು ನಮ್ಮಲ್ಲಿದ್ದಾರೆ. ನೂರಾರು ಜೀಪುಗಳ ಹೊಗೆ, ಸದ್ದು, ಧೂಳಿನಿಂದ ಬೆಟ್ಟ ಕೆಡುತ್ತದೆ ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ತೆಂಗೆರ್ ಪಂಚಾಂಗದ ಏಳನೆಯ ಮಾಸವಾದ ಕೆಪಿತು ಸಂಯಮದ ತಿಂಗಳು. ೨೦೨೦ರಲ್ಲಿ ಆ ಮಾಸದಲ್ಲಿ ಬಾಣಲೆಯೊಳಗೆ ಮೋಟಾರು ವಾಹನಗಳನ್ನೇ ನಿಲ್ಲಿಸಿದ್ದರು. ಬೆಟ್ಟಕ್ಕೂ ಉಸಿರು ಬೇಕೆಂಬುದು ಅಲ್ಲಿನವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಕೇಡಿಗೆಲ್ಲ ಜೀಪಿನವನೇ ಕಾರಣನಲ್ಲ. ೨೦೨೩ರ ಸೆಪ್ಟೆಂಬರಿನಲ್ಲಿ ಮದುವೆಗೆ ಮೊದಲಿನ ಫೋಟೋ ತೆಗೆಸಲು ಬಂದವರು ಹೊಗೆಬತ್ತಿ ಹಚ್ಚಿ, ಒಣಹುಲ್ಲಿಗೆ ಬೆಂಕಿ ತಗುಲಿ, ನೂರಾರು ಹೆಕ್ಟೇರ್ ಹುಲ್ಲುಗಾವಲು ಸುಟ್ಟುಹೋಯಿತು. ಉದ್ಯಾನ ಮುಚ್ಚಿತು. ಬೆಂಕಿ ಹಚ್ಚಿದವರು ಬೇರೆ, ದುಡಿಮೆ ಕಳೆದುಕೊಂಡವರು ಬೇರೆ. ಮೇಲಾಗಿ, ನಡೆಯಲಾರದ ಹಿರಿಯರಿಗೂ ಪುಟ್ಟ ಮಕ್ಕಳಿಗೂ ಆ ಬೆಟ್ಟ ಕಾಣುವುದು ಜೀಪಿನ ದಯದಿಂದಲೇ.

ಇನ್ನು ಕೆಲವರು, “ಅದು ಅವರ ವ್ಯಾಪಾರ, ಒಪ್ಪಿದ ದುಡ್ಡು ಕೊಟ್ಟಾಯಿತು, ಮತ್ತೇಕೆ ಭಾವುಕತೆ?” ಎನ್ನುತ್ತಾರೆ. ವ್ಯಾಪಾರವೆಂದೇ ಒಪ್ಪೋಣ. ಹಾಗಾದರೆ ವ್ಯಾಪಾರದ ಎರಡೂ ಬದಿ ನೋಡಬೇಕು. ಬೆಟ್ಟ ಮುನಿದರೆ ಆ ಜನಕ್ಕೆ ಸಂಪಾದನೆಯಿಲ್ಲ. ೨೦೦೪ರ ಜೂನಿನಲ್ಲಿ ಬ್ರೋಮೋ ಸಿಡಿದು ಇಬ್ಬರು ಸತ್ತರು. ೨೦೧೦ರ ಕೊನೆಯಿಂದ ೨೦೧೧ರವರೆಗೆ ಅದು ಬೂದಿಯುಗುಳುತ್ತಲೇ ಇತ್ತು. ೨೦೨೧ರ ಡಿಸೆಂಬರ್ ೪ರಂದು ಸೆಮೆರು ಸ್ಫೋಟಿಸಿದಾಗ ಐವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆದರೂ ಅವರು ಅದೇ ಇಳಿಜಾರಿನಲ್ಲಿ ಬೇಸಾಯ ಮಾಡುತ್ತಾರೆ, ಏಕೆಂದರೆ ಬೂದಿ ಬಿದ್ದ ಮಣ್ಣು ಚೆನ್ನಾಗಿ ಬೆಳೆಯುತ್ತದೆ. ಇದು ವಿಜಯಪುರ, ಕಲಬುರಗಿ ಕಡೆಯ ನಮ್ಮ ಸದಸ್ಯರಿಗೆ ಹೇಳಬೇಕಾದ್ದಿಲ್ಲ. ಅವರ ಹೊಲದ ಎರೆಮಣ್ಣು ಕೂಡ ಕೋಟ್ಯಂತರ ವರ್ಷಗಳ ಹಿಂದೆ ಹರಿದ ಲಾವಾ ಕಲ್ಲಾಗಿ ಸವೆದು ಆದದ್ದೇ. ಬೆಟ್ಟ ಕೊಡುವುದನ್ನೂ ಕಿತ್ತುಕೊಳ್ಳುವುದನ್ನೂ ಒಟ್ಟಿಗೆ ಬಾಳುವ ಮನುಷ್ಯನ ಮುಂದೆ, ಒಂದು ದಿನದ ಮಂಜಿಗೆ ಮುನಿಸಿಕೊಂಡು ಲಕೋಟೆ ಬಿಗಿಹಿಡಿದದ್ದು ನಮ್ಮ ವ್ಯಾಪಾರದ ಜಾಣತನ!

ಆದ್ದರಿಂದ ನಮ್ಮ ಅಭಿಪ್ರಾಯ: ಹೋಗೋಣ. ಆದರೆ ಕೆಲವು ಮಾತಿಗೆ ಮೊದಲೇ ಒಪ್ಪಿ ಹೋಗೋಣ. ಸಮಿತಿಯವರು ಪರಿಶೀಲಿಸಲೆಂದು ಇವನ್ನು ಮುಂದಿಡುತ್ತಿದ್ದೇವೆ.

ಮೊದಲನೆಯದು, ನಡುರಾತ್ರಿಯಲ್ಲಿ ಸುರಬಾಯಾದಿಂದ ಹೊರಟು ಬೆಳಗ್ಗೆ ಓಡಿ ಬರುವ ಯೋಜನೆ ಬೇಡ. ಬಾಣಲೆಯ ಅಂಚಿನ ಹಳ್ಳಿಯಲ್ಲೇ ಒಂದೆರಡು ರಾತ್ರಿ ತಂಗೋಣ. ಒಂದು ಬೆಳಗ್ಗೆ ಮಂಜಾದರೆ ಇನ್ನೊಂದು ಬೆಳಗು ಉಳಿದಿರುತ್ತದೆ. ನಾಲ್ಕು ಕಾಸು ಆ ಹಳ್ಳಿಯಲ್ಲೂ ಉಳಿಯುತ್ತದೆ.

ಎರಡನೆಯದು, ಹಿರಿಯರನ್ನು ರಸ್ತೆ ಬದಿಯಲ್ಲಿ ಬಿಟ್ಟು ಶಿಖರಕ್ಕೆ ಓಡುವುದು ಬೇಡ. ಹಳ್ಳಿಯ ಅಂಚಿನಿಂದಲೇ ಬಾಣಲೆಯೂ ಬ್ರೋಮೋವೂ ಚೆನ್ನಾಗಿ ಕಾಣುತ್ತವೆ. ಎಲ್ಲರೂ ತಲಪಬಹುದಾದ ಜಾಗದಲ್ಲಿ ಎಲ್ಲರೂ ನಿಲ್ಲೋಣ.

ಮೂರನೆಯದು, ಮರಳಿನ ಮೇಲೆ ಜೀಪು ಓಡುವ ದಾರಿಯಲ್ಲೇ ಓಡಲಿ. ಫೋಟೋಕ್ಕಾಗಿ ಸುತ್ತು ಹೊಡೆಸುವುದು, ಧೂಳೆಬ್ಬಿಸುವುದು ಬೇಡ. ಕಾಲಿರುವವರು ಬ್ರೋಮೋದ ಬುಡದವರೆಗೆ ನಡೆಯಲಿ. ಆಮೇಲೆ ಸುಮಾರು ಇನ್ನೂರೈವತ್ತು ಮೆಟ್ಟಿಲು ಹತ್ತಿದರೆ ಬೆಟ್ಟದ ಬಾಯಿ. ಆ ಮೊರೆತ ಒಮ್ಮೆ ಕಿವಿಗೆ ಬಿದ್ದರೆ ಮಕ್ಕಳಿಗೆ ಭೂಗೋಳದ ಪಾಠ ಬೇರೆ ಬೇಕಾಗದು.

ನಾಲ್ಕನೆಯದು, ಇಂಡೊನೇಷ್ಯಾ ಸರಕಾರ ಅಗ್ನಿಪರ್ವತಗಳ ಅಪಾಯವನ್ನು ನಾಲ್ಕು ಹಂತಗಳಲ್ಲಿ ಪ್ರಕಟಿಸುತ್ತದೆ. ಹೊರಡುವ ಮೊದಲು ನೋಡಿಕೊಳ್ಳಬೇಕು. ಬಾಯಿಯ ಹತ್ತಿರ ಹೋಗಬಾರದೆಂದಿದ್ದರೆ ಹೋಗಕೂಡದು. “ಇಷ್ಟು ದೂರ ಬಂದಿದ್ದೇವೆ, ಸ್ವಲ್ಪ ಬಿಡಿ” ಎಂದು ಚಾಲಕನನ್ನು ಕಾಡಿಸುವವರು ಸಿಂಗಪುರದಲ್ಲೇ ಉಳಿಯುವುದು ಕ್ಷೇಮ.

ಐದನೆಯದು, ಮತ್ತು ಮುಖ್ಯವಾದದ್ದು. ಚಾಲಕರ ಕೈಗೆ ಕೊಡುವ ಹಣ ಎಷ್ಟೆಂಬುದನ್ನು ಇಲ್ಲಿಯೇ ಗೊತ್ತು ಮಾಡಿ, ಅಲ್ಲಿ ಸೂರ್ಯ ಹುಟ್ಟುವ ಮೊದಲೇ, ಕತ್ತಲಲ್ಲೇ, ಕೊಟ್ಟುಬಿಡೋಣ. ಆಮೇಲೆ ಸೂರ್ಯ ಬರಲಿ, ಮಂಜು ಬರಲಿ, ಲೆಕ್ಕ ನಮ್ಮಿಬ್ಬರ ನಡುವೆ ಉಳಿದಿರುವುದಿಲ್ಲ. ಕೊಡುವಾಗ ಹೆಸರು ಕೇಳೋಣ.

ಇದನ್ನು ಹೇಳಲು ಕಾರಣವಿದೆ. ಆ ಮೂರು ಲಕೋಟೆಗಳು ಇನ್ನೂ ನಮ್ಮ ಮನೆಯ ಮೇಜಿನ ಸೆಳೆಯಲ್ಲಿವೆ. ಕಳಿಸೋಣವೆಂದು ಹೊರಟಾಗ ತಿಳಿಯಿತು, ಯಾರಿಗೆ ಕಳಿಸುವುದು? ಬೆಳಗ್ಗೆ ಮೂರರಿಂದ ಹತ್ತರವರೆಗೆ ಅವನನ್ನು ನಾವು ಕರೆದದ್ದು ‘ಮಾಸ್’ ಎಂದು. ಜಾವಾದವರ ಮಾತಿನಲ್ಲಿ ಅಣ್ಣ ಎಂದರ್ಥವಂತೆ. ಅಣ್ಣ ಎಂದು ಕರೆದವನ ಹೆಸರು ಕೇಳಲಿಲ್ಲ. ಜೀಪಿನ ಬಣ್ಣ ಹಸಿರು ಎಂಬುದಷ್ಟೇ ನೆನಪು. ಆ ಬೆಟ್ಟದಲ್ಲಿ ಹಸಿರು ಜೀಪುಗಳಿಗೆ ಲೆಕ್ಕವಿಲ್ಲ.

ಈ ಜೂನಿನಲ್ಲಿ ಸಂಘ ಹೋದರೂ ಸರಿ, ಹೋಗದಿದ್ದರೂ ಸರಿ, ನಾವಂತೂ ಲಕೋಟೆಗಳನ್ನು ತೆಗೆದುಕೊಂಡು ಹೋಗುವವರಿದ್ದೇವೆ. ತಾಯಿಯವರು ಜೊತೆಗೆ ಬಂದರೆ ಉಪಕಾರವಾದೀತು. ನಮಗೆ ಆ ಮುಖ ಸರಿಯಾಗಿ ನೆನಪಿಲ್ಲ, ಅವರಿಗಿದ್ದೇ ಇರುತ್ತದೆ.